ಷಡ್ಡಕನ ಐಸ್‌ಕ್ಯಾಂಡಿಯಲ್ಲಿ ಏನೇನಿದೆ

ಮೊನ್ನೆ ಗಿರಾಕಿಯೊಬ್ಬರ ಕನ್ನಡಕದ ಕಡ್ಡಿಗೆ ಸ್ಕ್ರೂ ಹುಡುಕಲು ಅಂಗಡಿಯ ಡ್ರಾಯರನ್ನು ಪೂರ್ತಿ ಈಚೆಗೆ ಎಳೆದೆ. ಸ್ಕ್ರೂ ಸಿಗಲಿಲ್ಲ, ಕಿತ್ತಳೆ ಬಣ್ಣದ ಐಸ್‌ಕ್ಯಾಂಡಿ ಕವರೊಂದು ಸಿಕ್ಕಿತು. ಸುಮ್ಮನೆ ಬಂದು ಬಿದ್ದಿದ್ದ ಕವರಲ್ಲ ಅದು. ತೊಳೆದು, ಒರೆಸಿ, ಹಿಂಬದಿ ಮೇಲೆ ಬರುವಂತೆ ರಟ್ಟಿಗೆ ಅಂಟಿಸಿ, ಅದರ ಮೇಲೊಂದು ಪ್ಲಾಸ್ಟಿಕ್ ಹಾಳೆ ಹೊದಿಸಿಟ್ಟದ್ದು. ನನ್ನ ಮದುವೆಯ ಫೋಟೋಗೂ ಇಷ್ಟು ಉಪಚಾರ ನಡೆದಿಲ್ಲ.

ತಿಪಟೂರಿನಲ್ಲಿ ಬಸ್‌ಸ್ಟ್ಯಾಂಡಿಗೆ ಹತ್ತಿರದಲ್ಲೇ ನನ್ನ ಕನ್ನಡಕದ ಅಂಗಡಿ. ನಲವತ್ತು ದಾಟಿದವರು ಬಂದು, ಪೇಪರನ್ನು ಎಷ್ಟು ದೂರ ಹಿಡಿದರೂ ಅಕ್ಷರ ಕೂಡಿಬರುವುದಿಲ್ಲ, ಇನ್ನು ಕೈ ಉದ್ದ ಮಾಡಿಸಿಕೊಳ್ಳುವುದೊಂದೇ ಬಾಕಿ ಎಂದು ದೂರುತ್ತಾರೆ. ಅವರ ಕೈಗೆ ನಾನೊಂದು ರಟ್ಟು ಕೊಡುತ್ತೇನೆ. ಸಾಲು ಸಾಲಿಗೂ ಅಕ್ಷರ ಸಣ್ಣದಾಗುತ್ತಾ ಹೋಗುವ ರಟ್ಟು. ಎಲ್ಲಿಯವರೆಗೆ ಓದುತ್ತಾರೋ ನೋಡಿ ಗಾಜು ಗೊತ್ತುಮಾಡುವುದು ಪದ್ಧತಿ. ಹೋದ ಬೇಸಿಗೆಯಲ್ಲಿ ಮಾತ್ರ ನಾನು ಆ ರಟ್ಟನ್ನು ಒಳಗಿಟ್ಟು ಈ ಕವರನ್ನು ಕೊಡುತ್ತಿದ್ದೆ. ಇಷ್ಟು ಸಣ್ಣ ಅಕ್ಷರ ಯಾವ ಕಣ್ಣಿನ ಆಸ್ಪತ್ರೆಯ ರಟ್ಟಿನಲ್ಲೂ ಇಲ್ಲ. ಜನ ಹೊಸ ಗಾಜು ಹಾಕಿಕೊಂಡು ಗಟ್ಟಿಯಾಗಿ ಓದುತ್ತಿದ್ದರು: ನೀರು, ಸಕ್ಕರೆ, ಲಿಕ್ವಿಡ್ ಗ್ಲೂಕೋಸ್, ಕಿತ್ತಳೆ ತಿರುಳು, ಸ್ಟೆಬಿಲೈಸರ್, ಅಸಿಡಿಟಿ ರೆಗ್ಯುಲೇಟರ್. ಇಂಗ್ಲಿಷ್ ಬಾರದವರಿಗೆ ನಂಬರುಗಳಾದರೂ ಇದ್ದವು. ರಿಟೈರಾದ ಬಸ್ ಕಂಡಕ್ಟರೊಬ್ಬರು ನಾನೂರ ಹನ್ನೆರಡು, ಮುನ್ನೂರ ಮೂವತ್ತು, ನೂರ ಹತ್ತು ಎಂದು ಸರಿಯಾಗಿ ಓದಿ ಮುಗಿಸಿ, "ಇವೆಲ್ಲ ಯಾವ್ ಡಿಪೋ ಬಸ್ಸು ಸ್ವಾಮಿ?" ಎಂದು ಕೇಳಿದರು. ಅವು ಬಸ್ಸಲ್ಲ, ನಮ್ಮ ಮಕ್ಕಳು ಚೀಪುವ ಐಸ್‌ಕ್ಯಾಂಡಿಯ ಒಳಗಿರುವ ಪದಾರ್ಥಗಳು ಎಂದು ನಾನು ತಣ್ಣಗೆ ಹೇಳಿದೆ. ಅವರು ಗಾಬರಿಯಾದರು. ನನಗೆ ಬೇಕಾಗಿದ್ದದ್ದೂ ಅದೇ.

ಊರವರ ಆರೋಗ್ಯದ ಮೇಲೆ ನನಗೆ ಅಷ್ಟೊಂದು ಕಾಳಜಿ ಹುಟ್ಟಿತ್ತೆಂದು ನೀವು ತಿಳಿಯಬಾರದು. ಆ ಐಸ್‌ಕ್ಯಾಂಡಿ ತಯಾರಿಸುವವನು ನನ್ನ ಷಡ್ಡಕ, ಅಂದರೆ ನನ್ನ ಹೆಂಡತಿ ನಾಗರತ್ನಳ ತಂಗಿಯ ಗಂಡ. ಹೆಸರು ಸಿದ್ದೇಶ. ಷಡ್ಡಕ ಎಂಬ ಸಂಬಂಧ ಎಂಥದೆಂದು ಮದುವೆಯಾದ ಗಂಡಸರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅವನು ಒಡಹುಟ್ಟಿದವನಲ್ಲ, ನಾವು ಆರಿಸಿಕೊಂಡ ಸ್ನೇಹಿತನೂ ಅಲ್ಲ. ಒಂದೇ ಮನೆಯ ಹೆಣ್ಣುಮಕ್ಕಳನ್ನು ತಂದೆವೆಂಬ ಒಂದೇ ಕಾರಣಕ್ಕೆ ಬದುಕಿರುವಷ್ಟು ದಿನವೂ ಒಂದೇ ತಕ್ಕಡಿಯ ಎರಡು ತಟ್ಟೆಗಳಲ್ಲಿ ಇಬ್ಬರೂ ಕೂತಿರಬೇಕು. ತಕ್ಕಡಿ ಹಿಡಿದವರು ಅತ್ತೆ.

ನಮ್ಮ ಅತ್ತೆ ಗೌರಮ್ಮನವರು ದಬ್ಬೇಘಟ್ಟದಲ್ಲಿ ಮಗ ಸೊಸೆಯರ ಜೊತೆ ಇರುವವರು. ನನ್ನನ್ನು ಕಂಡರೆ ಸೆರಗು ಸರಿಮಾಡಿಕೊಳ್ಳುತ್ತಾರೆ. "ಬನ್ನಿ ಅಳಿಯಂದ್ರೇ" ಎಂದು ಚಾಪೆ ಬಿಟ್ಟು ಕುರ್ಚಿ ಹಾಕಿಸುತ್ತಾರೆ. ಸಿದ್ದೇಶ ಬಂದರೆ ಹಾಗಲ್ಲ. ಅವನು ಅವರ ಸ್ವಂತ ಅಣ್ಣನ ಮಗ, ಸಣ್ಣವನಿದ್ದಾಗ ಅವರ ಮನೆಯಲ್ಲೇ ಉಂಡು ಆಡಿದವನು. "ಎಲ್ ಹಾಳಾಗೋಗಿದ್ಯೋ ಲೇ" ಎಂದು ಬೈಯುತ್ತಾರೆ. ಅವನು ನೇರವಾಗಿ ಅಡಿಗೆಮನೆಗೆ ನುಗ್ಗಿ ಪಾತ್ರೆಯ ಮುಚ್ಚಳ ತೆಗೆದು ನೋಡುತ್ತಾನೆ. ನಾನು ಆ ಮನೆಯ ಅಳಿಯನಾಗಿ ಎಷ್ಟೋ ವರ್ಷವಾಗಿದ್ದರೂ ಆ ಅಡಿಗೆಮನೆಯ ಹೊಸ್ತಿಲು ಯಾವ ಬಣ್ಣದ್ದೆಂದು ಈಗಲೂ ಸರಿಯಾಗಿ ಹೇಳಲಾರೆ. ಕುರ್ಚಿಯ ಮೇಲೆ ಕೂತು ಆ ಬೈಗುಳಕ್ಕೆ ನಾನು ಆಸೆಪಡುತ್ತಿದ್ದೆ ಎಂದರೆ ನೀವು ನಗಬಹುದು.

ಈ ಸಿದ್ದೇಶ ಹುಳಿಯಾರಿನಲ್ಲಿ ರಸ್ತೆ ಬದಿಗೊಂದು ಶೆಡ್ಡು ಹಾಕಿ, ಮೆಷಿನ್ ತಂದು, ಹಣ್ಣಿನ ಐಸ್‌ಕ್ಯಾಂಡಿ ಮಾಡತೊಡಗಿದ. ಮಗಳ ಹೆಸರನ್ನೇ ಅದಕ್ಕಿಟ್ಟ. ಕಿತ್ತಳೆ, ಮಾವು, ದ್ರಾಕ್ಷಿ. ಚಿಕ್ಕನಾಯಕನಹಳ್ಳಿ, ಕಂದಿಕೆರೆ ಕಡೆಯ ಅಂಗಡಿಗಳ ಫ್ರೀಜರಿನಲ್ಲೆಲ್ಲ ಅವೇ. ಹೋದ ವರ್ಷ ಯುಗಾದಿಗೆ ನಾವೆಲ್ಲ ದಬ್ಬೇಘಟ್ಟದಲ್ಲಿ ಸೇರಿದ್ದೆವು. ನಾನು ನಮ್ಮ ತೋಟದಿಂದ ಎಳನೀರು ಕೀಳಿಸಿ ಗೊನೆಯ ಸಮೇತ ಹೊರಿಸಿಕೊಂಡು ಹೋಗಿದ್ದೆ. ಕೆಂದೆಂಗಿನದು, ಕಲ್ಲುಸಕ್ಕರೆಯಂಥ ನೀರು. ಅದು ಜಗುಲಿಯ ಮೂಲೆಯಲ್ಲಿ ಕೂತಿತು. ಆಮೇಲೆ ಸಿದ್ದೇಶ ಬಂದ. ಅವನ ಕೈಯಲ್ಲಿ ಥರ್ಮೋಕೋಲ್ ಡಬ್ಬಿ. ಅದರ ಮುಚ್ಚಳ ತೆಗೆದದ್ದೇ ತಡ, ಮಕ್ಕಳಿರಲಿ, ಸೊಂಟನೋವಿನ ಮುದುಕರೂ ಎದ್ದು ಬಂದರು. ಅತ್ತೆ ಒಂದನ್ನು ಮುಗಿಸಿ, "ಲೇ ಸಿದ್ದೇಶ, ಇನ್ನೊಂದ್ ಕೊಡ್ಲಾ, ಬಾಯಿಗೆ ಹಿತವಾಗೈತೆ" ಎಂದು ಕೈ ನೀಡಿದರು. ನನಗೂ ಒಂದು ಬಂತು. ಹಲ್ಲು ಜುಮ್ಮೆನ್ನುತ್ತದೆ ಎಂದು ಹೇಳಿ ತಿನ್ನಲಿಲ್ಲ. ನನ್ನ ಹಲ್ಲು ಇವತ್ತಿಗೂ ಕೊಬ್ಬರಿ ಗಿಟುಕನ್ನು ಹಾಗೇ ಕಡಿಯುತ್ತದೆ. ಹೊರಡುವಾಗ ನೋಡಿದರೆ ಎಳನೀರಿನ ಗೊನೆಗೆ ಕರು ಕಟ್ಟಿದ್ದರು.

ಅವತ್ತು ನಾನು ಯಾರಿಗೂ ಕಾಣದಂತೆ ಜೇಬಿಗಿಳಿಸಿ ತಂದದ್ದು ಈ ಕವರು.

ಐಸ್‌ಕ್ಯಾಂಡಿಯ ವಿಷಯಕ್ಕೆ ನನಗೆ ಹೊಟ್ಟೆಕಿಚ್ಚಾದದ್ದು ಅದೇ ಮೊದಲಲ್ಲ. ನಾನು ಹುಟ್ಟಿ ಬೆಳೆದದ್ದು ಕಂದಿಕೆರೆ ಕಡೆ. ಆಗ ಹುಳಿಯಾರಿನಿಂದ ಒಬ್ಬ ಸೈಕಲ್ಲಿನ ಹಿಂದೆ ಮರದ ಪೆಟ್ಟಿಗೆ ಕಟ್ಟಿಕೊಂಡು ಬರುತ್ತಿದ್ದ. ಹಾರನ್ನಿನ ರಬ್ಬರ್ ಚೆಂಡು ಒತ್ತಿದನೆಂದರೆ ಹಟ್ಟಿಯ ಮಕ್ಕಳೆಲ್ಲ ತೆಂಗಿನ ಚಿಪ್ಪು ಹುಡುಕಿಕೊಂಡು ಓಡುವುದು. ಚಿಪ್ಪು ಕೊಟ್ಟರೆ ಐಸು ಕೊಡುತ್ತಿದ್ದ. ಹೊರಗೆ ಚಿಪ್ಪು ಸಿಗದಿದ್ದಾಗ ಉರಿಸಲೆಂದು ಒಲೆಯ ಮುಂದೆ ಇಟ್ಟ ರಾಶಿಗೇ ಕೈ ಹಾಕುತ್ತಿದ್ದೆವು. ಆ ಐಸಿಗೆ ಕವರೂ ಇಲ್ಲ, ನಂಬರೂ ಇಲ್ಲ. ಬಿದಿರುಕಡ್ಡಿಯ ತುದಿಯಲ್ಲಿ ಕೆಂಪಗೆ ಒಂದು ತುಂಡು. ಅದನ್ನು ಯಾವ ನೀರಿನಲ್ಲಿ, ಯಾವ ಬಣ್ಣದಲ್ಲಿ ಮಾಡುತ್ತಿದ್ದರೋ ಅವನಿಗೂ ಗೊತ್ತಿತ್ತೋ ಇಲ್ಲವೋ. ಜೋರಾಗಿ ಚೀಪಿದರೆ ಬಣ್ಣವೆಲ್ಲ ಒಂದೇ ಉಸಿರಿಗೆ ಬಾಯಿಗೆ ಬಂದು, ಕಡ್ಡಿಯಲ್ಲಿ ಬರೀ ಬಿಳಿ ಮಂಜುಗಡ್ಡೆ ಉಳಿಯುತ್ತಿತ್ತು.

ತಿಂದಾದ ಮೇಲೆ ನಾಲಿಗೆ ಚಾಚಿ ಯಾರದು ಹೆಚ್ಚು ಕೆಂಪೆಂದು ನೋಡುವುದೇ ದೊಡ್ಡ ಆಟ. ದೊಡ್ಡಪ್ಪನ ಮಗನದು ಯಾವಾಗಲೂ ನನ್ನದಕ್ಕಿಂತ ಕೆಂಪು. ಅವನು ತಾಳ್ಮೆಯಿಂದ ಬಾಯೊಳಗೇ ಇಟ್ಟುಕೊಂಡು ಕರಗಿಸುತ್ತಿದ್ದ, ನಾನು ಕಡಿದು ನುಂಗುತ್ತಿದ್ದೆ. ಒಂದು ಸಲ ಅವನನ್ನು ಸೋಲಿಸಲೇಬೇಕೆಂದು ಅಜ್ಜಿಯ ಎಲೆಚೀಲಕ್ಕೆ ಕೈ ಹಾಕಿ, ಎಲೆ, ಅಡಿಕೆ, ಸುಣ್ಣ, ಜೊತೆಗೆ ಸಿಕ್ಕಿದ್ದನ್ನೆಲ್ಲ ಸೇರಿಸಿ ಜಗಿದೆ. ಅದರಲ್ಲಿ ಹೊಗೆಸೊಪ್ಪಿನ ಕಡ್ಡಿಪುಡಿಯೂ ಇತ್ತು. ತಲೆ ಗಿರ್ರೆಂದು ಕಣಜದ ಪಕ್ಕ ಬಿದ್ದೆ. ನಾಲಿಗೆಯೇನೋ ಕೆಂಪಾಗಿತ್ತಂತೆ, ತೋರಿಸಲು ಎಚ್ಚರವಿರಲಿಲ್ಲ.

ಕವರಿನ ಮಾತಿಗೆ ಬರುತ್ತೇನೆ. ಅಂಗಡಿಯಲ್ಲಿ ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಭೂತಗನ್ನಡಿ ಹಿಡಿದು ಅದನ್ನು ಓದತೊಡಗಿದೆ. ಸ್ಟೆಬಿಲೈಸರ್ ಎಂದರೆ ನನಗೆ ಗೊತ್ತಿದ್ದದ್ದು ಫ್ರಿಜ್ಜಿನ ಪಕ್ಕ ಗುಂಯ್‌ಗುಡುವ ಡಬ್ಬಿ. ಅದು ಐಸ್‌ಕ್ಯಾಂಡಿಯ ಒಳಗೆ ಏನು ಮಾಡುತ್ತದೆ? ಅಸಿಡಿಟಿ ಎಂದರೆ ನನ್ನ ಎದೆಯುರಿ. ಒಂದೊಂದು ನಂಬರನ್ನೂ ಫೋನಿನಲ್ಲಿ ಹಾಕಿ ಹುಡುಕಿದೆ. ಪದಾರ್ಥಗಳನ್ನು ತೂಕದಲ್ಲಿ ಹೆಚ್ಚಿರುವುದು ಮೊದಲು, ಕಡಿಮೆಯಿರುವುದು ಕೊನೆಗೆ ಬರುವ ಹಾಗೆ ಬರೆಯಬೇಕಂತೆ. ಹಾಗಾದರೆ ಕಿತ್ತಳೆ ಹಣ್ಣಿಗಿಂತ ನೀರು, ಸಕ್ಕರೆ, ಗ್ಲೂಕೋಸ್ ಮೂರೂ ಹೆಚ್ಚು ಎಂದಾಯಿತು. ಕವರಿನ ಮುಂಬದಿಯಲ್ಲಿ ಮಾತ್ರ ಕಿತ್ತಳೆ ಹಣ್ಣು ಹಲಸಿನಹಣ್ಣಿನಷ್ಟು ಗಾತ್ರ. ನೂರ ಹತ್ತು ಎಂಬುದು ಕಾರ್ಖಾನೆಯಲ್ಲಿ ತಯಾರಾದ ಕಿತ್ತಳೆ ಬಣ್ಣ. ಇದು ಸಿಕ್ಕಿದ ದಿನ ನಾನು ಹೋಟೆಲಿಗೆ ಹೋಗಿ ಮಸಾಲೆದೋಸೆ ತಿಂದೆ.

ಆದರೆ ಉಳಿದವು ನನಗೆ ಮೋಸಮಾಡಿದವು. ಮುನ್ನೂರ ಮೂವತ್ತು ಬರೀ ಹುಳಿ, ನಿಂಬೆಹಣ್ಣಿನಲ್ಲಿ ಇರುವಂಥದೇ. ಗ್ಲೂಕೋಸು ಮುಸುಕಿನ ಜೋಳದ್ದು. ನಾನು ಬಹಳ ನಂಬಿಕೊಂಡಿದ್ದ ನಾನೂರ ಹನ್ನೆರಡು, ಸ್ಟೆಬಿಲೈಸರ್ ಎಂಬ ಆ ಭಯಂಕರ ಹೆಸರಿನದು, ಗೋರಿಕಾಯಿ ಬೀಜದ ಪುಡಿ. ಮನೆಗೆ ಬಂದು ಸಪ್ಪೆ ಮುಖದಲ್ಲಿ ಇದನ್ನು ಹೇಳಿದೆ. ನಾಗರತ್ನ ತಟ್ಟೆ ಹಾಕುತ್ತ, "ಇವತ್ತು ಗೋರಿಕಾಯಿ ಪಲ್ಯನೇ ಮಾಡಿದ್ದೀನಿ. ಉಣ್ತೀರೋ, ಇಲ್ಲ ಪೊಲೀಸ್‌ನೋರ್ನ ಕರೀಲೋ?" ಎಂದಳು. ಉಂಡೆ.

ಉಂಡರೂ ಪಟ್ಟು ಬಿಡಲಿಲ್ಲ. ಗಿರಾಕಿಗಳಿಗೆ ಬಣ್ಣದ ವಿಷಯ ಮಾತ್ರ ಹೇಳುತ್ತಿದ್ದೆ, ಗೋರಿಕಾಯಿಯ ವಿಷಯ ಹೇಳುತ್ತಿರಲಿಲ್ಲ. ನನ್ನ ಪ್ರಚಾರ ಹೇಗೋ ಹುಳಿಯಾರಿಗೂ ಮುಟ್ಟಿತು. ಸಿದ್ದೇಶ ಜಗಳಕ್ಕೆ ಬರುತ್ತಾನೆಂದು ಉತ್ತರಗಳನ್ನೆಲ್ಲ ಸಿದ್ಧಮಾಡಿಕೊಂಡಿದ್ದೆ. ಅವನು ನಗುತ್ತ, ಅಣ್ಣ ಹೇಳಿದ್ದಾರೆಂದ ಮೇಲೆ ಸರಿಯಾಗಿಯೇ ಇರುತ್ತದೆ, ಬಣ್ಣ ಬಿಟ್ಟು ಮಾಡಲು ಸಾಧ್ಯವೋ ನೋಡಬೇಕು ಎಂದನಂತೆ. ನನ್ನ ಉತ್ತರಗಳೆಲ್ಲ ಹಾಗೆಯೇ ಉಳಿದುಹೋದವು. ಎದುರಿನವನಿಗೆ ಸಿಟ್ಟೇ ಬರದಿದ್ದರೆ ಹೊಟ್ಟೆಕಿಚ್ಚು ಪಡುವವನ ಪಾಡು ಬಹಳ ಕಷ್ಟ.

ಅದೇ ಮಳೆಗಾಲದಲ್ಲಿ ಅತ್ತೆಯ ಬಾಯೊಳಗೆ ಒಂದು ಹುಣ್ಣು ಕಾಣಿಸಿಕೊಂಡಿತು. ಬಹಳ ವರ್ಷಗಳಿಂದ ಎಲೆಯಡಿಕೆಯ ಜೊತೆ ಕಡ್ಡಿಪುಡಿ ಹಾಕುವ ಅಭ್ಯಾಸ ಅವರಿಗೆ. ಹುಣ್ಣು ವಾಸಿಯಾಗಲಿಲ್ಲ. ಬೆಂಗಳೂರಿನಲ್ಲಿ ತೋರಿಸಿದಾಗ ನಾವು ಹೆದರಿದ್ದೇ ಆಗಿತ್ತು, ಕ್ಯಾನ್ಸರು. ಬೇಗ ಗೊತ್ತಾಗಿದೆ, ವಾಸಿಮಾಡಬಹುದು ಎಂದು ಡಾಕ್ಟರು ಧೈರ್ಯ ಹೇಳಿ ಕರೆಂಟ್ ಕೊಟ್ಟರು. ರೇಡಿಯೇಶನ್ನಿಗೆ ನಮ್ಮ ಕಡೆ ಜನ ಕರೆಂಟ್ ಎಂದೇ ಹೇಳುವುದು. ಅದು ಮುಗಿಯುವವರೆಗೆ ಮಗ ಬೆಂಗಳೂರಿನಲ್ಲೇ ರೂಮು ಮಾಡಿಕೊಂಡು ಜೊತೆಗಿದ್ದ. ಮುಗಿದ ಮೇಲೆ ಮತ್ತೆ ಮತ್ತೆ ತಪಾಸಣೆಗೆ ಹೋಗಬೇಕಾದ್ದರಿಂದ, ರೈಲಿಗೆ ಅನುಕೂಲವೆಂದು ಅತ್ತೆ ತಿಪಟೂರಿಗೆ, ನಮ್ಮ ಮನೆಗೆ ಬಂದರು. ಇಂಥ ಹೊತ್ತಿನಲ್ಲೂ, ಹುಳಿಯಾರಿಗೆ ಹೋಗದೆ ನಮ್ಮಲ್ಲಿಗೆ ಬಂದರಲ್ಲ ಎಂದು ನನ್ನೊಳಗೆ ಒಂದು ಮೂಲೆ ಹಿಗ್ಗಿತು.

ಆದರೆ ಬಂದವರು ಏನನ್ನೂ ನುಂಗಲಾರರು. ಬಾಯಿ, ಗಂಟಲೆಲ್ಲ ಒಳಗೆ ಬೆಂದಹಾಗಾಗಿತ್ತು. ಜೊಲ್ಲು ಒಣಗಿತ್ತು. ನಾಗರತ್ನ ರಾಗಿಗಂಜಿ ಸೋಸಿ ಚಮಚದಲ್ಲಿ ಕೊಟ್ಟರೆ ಎರಡು ಗುಟುಕಿಗೆ ಕೈ ಅಡ್ಡ ಹಿಡಿಯುತ್ತಿದ್ದರು. ಸೆರಗು ಸರಿಮಾಡಿಕೊಳ್ಳುವಷ್ಟೂ ತ್ರಾಣವಿರಲಿಲ್ಲ. ತೂಕ ಹೀಗೇ ಇಳಿದರೆ ಮೂಗಿನಿಂದ ಪೈಪು ಹಾಕಿ ಆಹಾರ ಕೊಡಬೇಕಾಗುತ್ತದೆ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಅತ್ತೆಗೆ ಕಾಯಿಲೆಗಿಂತ ಆ ಪೈಪಿನ ಭಯವೇ ಹೆಚ್ಚಾಗಿತ್ತು. ತಣ್ಣಗಿನದು ಏನಾದರೂ ಚೀಪಿದರೆ ಬಾಯಿ ಮರಗಟ್ಟಿ ನೋವು ಸ್ವಲ್ಪ ತಡೆಯುತ್ತದೆ, ಆಗ ಗಂಜಿ ಕೊಟ್ಟು ನೋಡಿ ಎಂದು ಅಲ್ಲಿಯ ನರ್ಸಮ್ಮ ನಾಗರತ್ನಳಿಗೆ ಹೇಳಿದ್ದರು.

ಇದು ಕಿವಿಗೆ ಬಿದ್ದದ್ದೇ ಸಿದ್ದೇಶ ಥರ್ಮೋಕೋಲ್ ಡಬ್ಬಿ ಹೊತ್ತು ಬಂದ. ಅವನ ಕಾರಿನ ಸದ್ದಿಗೆ ಅತ್ತೆ ದಿಂಬಿನಿಂದ ತಲೆಯೆತ್ತಿದರು. ನಾನು ಬೆಳಿಗ್ಗೆಯಿಂದ ಆ ಮಂಚದ ಸುತ್ತ ಎಷ್ಟು ಸಲ ಓಡಾಡಿದ್ದೆನೋ, ಒಮ್ಮೆಯೂ ಎತ್ತಿರಲಿಲ್ಲ. ಅವನು ಕಿತ್ತಳೆಯದನ್ನು ಬಿಡಿಸಿ ಅವರ ಕೈಗಿಟ್ಟ. ಅತ್ತೆ ನಾಲಿಗೆಗೆ ಮುಟ್ಟಿಸಿದರು. ಕಣ್ಣು ಮುಚ್ಚಿದರು. ಎರಡು ಕೆನ್ನೆಯ ಮೇಲೂ ನೀರು ಇಳಿಯಿತು. ಸಿದ್ದೇಶ ಅದನ್ನು ಸಂತೋಷದ ಕಣ್ಣೀರೆಂದು ತಿಳಿದ. ಅವರೂ, "ಚೆನ್ನಾಗೈತೆ ಕಣಪ್ಪ" ಎಂದರು. ಅವನು ಡಬ್ಬಿಯನ್ನೆಲ್ಲ ನಮ್ಮ ಫ್ರೀಜರಿಗೆ ತುಂಬಿ ಹೊರಟುಹೋದ. ಆಮೇಲೆ ನೋಡಿದರೆ ಅತ್ತೆಯ ಐಸ್‌ಕ್ಯಾಂಡಿ ಲೋಟದಲ್ಲಿ ಹಾಗೇ ಕರಗುತ್ತಿತ್ತು.

ನನಗೆ ಥಟ್ಟನೆ ಹೊಳೆಯಿತು. ಮುನ್ನೂರ ಮೂವತ್ತು. ಹುಳಿ. ಬೆಂದ ಬಾಯಿಗೆ ನಿಂಬೆಹುಳಿ ಹಿಂಡಿದ ಹಾಗೆ.

"ಉರೀತದಾ ಅತ್ತೆ?" ಎಂದು ಕೇಳಿದೆ.

"ಉರೀತದೆ," ಎಂದರು ಪಿಸುಮಾತಿನಲ್ಲಿ. "ಅವ್ನಿಗೆ ಹೇಳ್ಬ್ಯಾಡಿ ಅಳಿಯಂದ್ರೇ. ಅಷ್ಟು ದೂರದಿಂದ ತಂದವ್ನೆ."

ಎಷ್ಟೋ ತಿಂಗಳು ಕಾದಿದ್ದ ಗೆಲುವು ನನ್ನ ಕೈಗೆ ಬಂದಿತ್ತು. ಆದರೆ ಅದನ್ನು ಹಿಡಿಯಲು ಆಗಲಿಲ್ಲ. ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಬೇರೆ. ಅವನ ಮನಸ್ಸು ನೋಯಬಾರದೆಂದು ಇವರು ಬಾಯೊಳಗೆ ಬೆಂಕಿ ಇಟ್ಟುಕೊಂಡರಲ್ಲ, ನಾನು ತಂದಿದ್ದರೆ ಹೀಗೆ ಇಟ್ಟುಕೊಳ್ಳುತ್ತಿದ್ದರೇ? ಇಂಥ ಪ್ರಶ್ನೆ ಕೇಳಿಕೊಳ್ಳುವ ಹೊತ್ತೇ ಅದು ಎಂದು ನೀವು ಕೇಳಬಹುದು. ಹೊತ್ತು ನೋಡಿಕೊಂಡು ಬರುವ ಗುಣ ಹೊಟ್ಟೆಕಿಚ್ಚಿಗಿಲ್ಲ.

ಮಾರನೆಯ ದಿನ ಅಂಗಡಿಗೆ ರಜ ಹಾಕಿ ತೋಟಕ್ಕೆ ಹೋದೆ. ಎಳನೀರಿನಲ್ಲಿ ಹುಳಿಯಿಲ್ಲ, ಬಣ್ಣವಿಲ್ಲ, ನಂಬರಿಲ್ಲ. ಒಳ್ಳೆಯವನ್ನೇ ಆರಿಸಿ ಕೀಳಿಸಿ ತಂದು, ಸ್ವಲ್ಪ ಸಕ್ಕರೆ ಕರಗಿಸಿ, ಪೇಟೆಯಲ್ಲಿ ಕೊಂಡ ಅಚ್ಚಿಗೆ ಹೊಯ್ದು, ಕಡ್ಡಿ ಸಿಕ್ಕಿಸಿ ಫ್ರೀಜರಿನಲ್ಲಿಟ್ಟೆ. ಸಿದ್ದೇಶನ ಐಸ್‌ಕ್ಯಾಂಡಿಗಳನ್ನು ಒತ್ತಿ ಹಿಂದಕ್ಕೆ ತಳ್ಳಿ ನನ್ನದಕ್ಕೆ ಜಾಗ ಮಾಡಿದೆನೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಸಂಜೆ ನಾನೇ ಒಯ್ದು ಕೊಟ್ಟೆ. ಅತ್ತೆ ಬಾಯಿಗಿಟ್ಟುಕೊಂಡರು. ಮುಖ ಸ್ವಲ್ಪ ಗಂಟಿಕ್ಕಿತು, ಮತ್ತೆ ಸರಿಹೋಯಿತು. ಚೀಪಿದರು. "ಚೆನ್ನಾಗೈತೆ ಅಳಿಯಂದ್ರೇ," ಎಂದರು. ಹಿಗ್ಗಿನಿಂದ ನಾಗರತ್ನಳನ್ನು ಕರೆದೆ. ಅವಳು ಬಂದು ನೋಡಿ ಥಟ್ಟನೆ ಅದನ್ನು ಅವರ ಕೈಯಿಂದ ಕಿತ್ತುಕೊಂಡಳು. ಬಿಳಿಯ ಐಸಿನ ಮೇಲೆ ರಕ್ತದ ಎಳೆಯಿತ್ತು.

ಕಲ್ಲಾಗಿತ್ತು ಅದು. ಹರಳು ಹರಳಾಗಿ, ಗಾಜಿನ ಚೂರಿನಂತೆ ಅಂಚುಗಳು. ನಾಜೂಕಾದ ಆ ಬಾಯನ್ನು ಗೀರಿಬಿಟ್ಟಿತ್ತು. ಅಡಿಗೆಮನೆಯಲ್ಲಿ ನಿಂತು ಅದನ್ನು ಬೆರಳಲ್ಲಿ ಒತ್ತಿ ನೋಡಿದೆ, ಉಗುರೂ ಇಳಿಯಲಿಲ್ಲ. ಹಿಂದಿನ ದಿನ ಕೇಳಿಕೊಂಡಿದ್ದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ನನ್ನ ಮನಸ್ಸೂ ನೋಯಬಾರದೆಂದು ಅವರು ರಕ್ತ ಬಂದರೂ ಚೀಪಿದ್ದರು. ತಕ್ಕಡಿಯ ತಟ್ಟೆಗಳು ಸಮನಾಗಿಯೇ ಇದ್ದವು.

ಸಿದ್ದೇಶನದನ್ನು ತೆಗೆದು ಒತ್ತಿದೆ. ಮೆತ್ತಗೆ ಬೆರಳಿಗೆ ದಾರಿ ಬಿಟ್ಟಿತು. ಅವನದು ಮೆತ್ತಗೆ, ಆದರೆ ಉರಿ. ನನ್ನದರಲ್ಲಿ ಉರಿಯಿಲ್ಲ, ಆದರೆ ಕಲ್ಲು. ಮುಂದೇನೆಂಬುದು ಎಂಥವನಿಗೂ ಕಾಣುತ್ತದೆ. ಕಂಡ ಮೇಲೂ ನಾನು ಹಿತ್ತಿಲಿನಲ್ಲಿ ಸುಮಾರು ಹೊತ್ತು ಓಡಾಡಿದೆ. ಯಾರ ಐಸ್‌ಕ್ಯಾಂಡಿಯನ್ನು ಊರಿಗೆಲ್ಲ ಓದಿಸಿ ಹೆದರಿಸಿದ್ದೆನೋ ಅವನಿಗೇ ಫೋನು ಮಾಡಿ, ನಿನ್ನದು ಹೇಗೆ ಮೆತ್ತಗಾಗುತ್ತದೆ ಹೇಳಿಕೊಡು ಎಂದು ಕೇಳಬೇಕು. ಕೋಣೆಯಲ್ಲಿ ಅತ್ತೆ ಕೆಮ್ಮಿದರು. ಫೋನು ಮಾಡಿದೆ.

ಮೊದಲು ನನ್ನದರಿಂದ ರಕ್ತ ಬಂದದ್ದನ್ನು ಹೇಳಿದೆ. ಆಮೇಲೆ ಅವನದು ಉರಿದ ವಿಷಯ. ಹೇಳಬೇಡಿ ಎಂದು ಅವರು ಕೇಳಿಕೊಂಡಿದ್ದರೂ ಹೇಳದೆ ದಾರಿಯಿರಲಿಲ್ಲ. "ನಂಗ್ ಗೊತ್ತಾಗ್ಲೇ ಇಲ್ವಲ್ಲಣ್ಣ" ಎಂದ ಸಿದ್ದೇಶ. ದನಿ ಕುಗ್ಗಿತ್ತು. "ಈಗ್ಲೇ ಬತ್ತೀನಿ, ಇರಿ."

ರಾತ್ರಿ ಊಟದ ಹೊತ್ತಿಗೆ ಬಂದ. ಒಂದು ಪೊಟ್ಟಣದಲ್ಲಿ ಬಿಳಿ ಪುಡಿ, ಒಂದು ಡಬ್ಬಿಯಲ್ಲಿ ಜೇನಿನಂತೆ ಗಟ್ಟಿಯಾದ ಗ್ಲೂಕೋಸು. ಪುಡಿಯನ್ನು ನಾನು ಎಳನೀರಿಗೆ ಸುರಿಯಲು ಹೋದರೆ ಕೈ ಹಿಡಿದುಕೊಂಡ. ನೇರವಾಗಿ ಹಾಕಿದರೆ ಗಂಟು ಕಟ್ಟುತ್ತದಂತೆ. ಮೊದಲು ಸಕ್ಕರೆಯ ಜೊತೆ ಒಣದಾಗಿ ಬೆರೆಸಿಕೊಂಡು, ಆಮೇಲೆ ಉದುರಿಸುತ್ತ ಕಡೆಯಬೇಕು. ನೀರು ಹೆಪ್ಪುಗಟ್ಟುವಾಗ ಹರಳುಗಳು ಒಂದಕ್ಕೊಂದು ಸೇರಿ ದೊಡ್ಡದಾಗಲು ಈ ಅಂಟು ಬಿಡುವುದಿಲ್ಲ, ಅದಕ್ಕೇ ಮೆತ್ತಗಿರುತ್ತದೆ ಎಂದು ವಿವರಿಸಿದ. ಚಿಟಿಕೆಯಷ್ಟು ಸಾಕು, ಹೆಚ್ಚಾದರೆ ಲೋಳೆಯಾಗುತ್ತದೆ. ಎಳೆಗಾಯಿಯ ತೆಳ್ಳನೆಯ ತಿರುಳನ್ನು ನಾನು ಮಿಕ್ಸಿಗೆ ಹಾಕಿ ನುಣ್ಣಗೆ ರುಬ್ಬಿ ಸೇರಿಸಿದೆ. ಅದು ನನ್ನ ಯೋಚನೆ. ಇದನ್ನು ಇಲ್ಲಿ ಬರೆದು ಇಡುತ್ತಿದ್ದೇನೆ, ಏಕೆಂದರೆ ಬೇರೆಲ್ಲೂ ಯಾರೂ ಹೇಳಲಿಲ್ಲ. ಅವನು ಕಡೆಯುತ್ತ ನಿಂತಿದ್ದ. ನಾನು ಅಚ್ಚು ತೊಳೆಯುತ್ತಿದ್ದೆ.

"ಅತ್ತೆ ನಿಮ್ಮನೇಗ್ ಬಂದ್ರಲ್ಲಣ್ಣ," ಎಂದ ಇದ್ದಕ್ಕಿದ್ದಂತೆ, ತಲೆಯೆತ್ತದೆ. "ನಮ್ಮನೇಗ್ ಬರ್ತಾರೆ ಅಂತ ರೂಮ್ ಎಲ್ಲ ಸುಣ್ಣ ಬಳಿಸಿದ್ದೆ. ನಂಗೆ ಹೊಟ್ಟೆ ಉರೀತು."

ರೈಲಿಗೆ ಅನುಕೂಲ ಅಂತ ಅಷ್ಟೇ ಕಣಪ್ಪ ಎಂದೆ.

"ಅದಲ್ಲ. ನಿಮ್ಮನ್ನ ಅಳಿಯಂದ್ರು ಅಂತಾರೆ, ನೀವು ಅಂತಾರೆ. ನನ್ನ ಮಾತ್ರ ಇನ್ನೂ ಚಡ್ಡಿ ಹಾಕ್ಕಂಡಿರೋ ಹುಡುಗನ್ ಥರ ಲೇ ಅಂತಾರೆ. ಜನ ಇರಲಿ ಬಿಡ್ಲಿ."

ಆ ಒಂದು 'ಲೇ'ಗೆ ನಾನು ಎಷ್ಟು ವರ್ಷದಿಂದ ಕುರ್ಚಿಯ ಮೇಲೆ ಕೂತು ಹಸಿದಿದ್ದೆನೆಂದು ಹೇಳಿದ್ದರೆ ಅವನು ನಂಬುತ್ತಿರಲಿಲ್ಲ. ಅಚ್ಚನ್ನು ಮತ್ತೊಮ್ಮೆ ತೊಳೆದೆ. ಆದರೆ ಮನಸ್ಸಿಗೆ ಒಂದು ಬಗೆಯ ಹಿತವಾಯಿತು, ಸುಳ್ಳು ಹೇಳಬಾರದು.

ಬೆಳಿಗ್ಗೆ ಅಚ್ಚಿನಿಂದ ಬಿಡಿಸಿದಾಗ ಐಸ್‌ಕ್ಯಾಂಡಿ ಹಾಲುಬಿಳುಪಾಗಿತ್ತು. ನಾನೂ ಸಿದ್ದೇಶನೂ ಮೊದಲು ಒಂದೊಂದನ್ನು ನಾಲಿಗೆಗೆ ಉಜ್ಜಿ ನೋಡಿ, ಗೀರುವುದಿಲ್ಲವೆಂದು ಖಾತ್ರಿ ಮಾಡಿಕೊಂಡೆವು. ಅತ್ತೆ ಬಾಯಿಗಿಟ್ಟರು. ಇಬ್ಬರೂ ಅವರ ಮುಖವನ್ನಲ್ಲ, ಐಸ್‌ಕ್ಯಾಂಡಿಯನ್ನೇ ನೋಡುತ್ತಿದ್ದೆವು, ಕೆಂಪು ಕಾಣುತ್ತದೇನೋ ಎಂದು. ಕಾಣಲಿಲ್ಲ. ಈ ಸಲ ಅತ್ತೆ ಚೆನ್ನಾಗಿದೆ ಎಂದು ಹೇಳಲಿಲ್ಲ. ಸುಮ್ಮನೆ ಚೀಪುತ್ತ ಹೋದರು. ಅರ್ಧ ಮುಗಿಸಿ, "ಗಂಜಿ ಏನಾರ ಐತಾ ನಾಗೂ?" ಎಂದು ಕೇಳಿದರು. ನಾಗರತ್ನ ಒಳಗೆ ಹೋಗಿ ಗಂಜಿ ತರಲು ಅಷ್ಟು ಹೊತ್ತೇಕೆ ಮಾಡಿದಳೆಂದು ಅವಳ ಕಣ್ಣು ನೋಡಿದ ಮೇಲೆ ತಿಳಿಯಿತು. ಅವತ್ತು ಬಟ್ಟಲಿನ ತಳ ಕಂಡಿತು.

ಅಲ್ಲಿಂದ ದಿನಾ ಅದೇ ನಡೆಯಿತು. ಮೊದಲು ಐಸ್‌ಕ್ಯಾಂಡಿ, ಬಾಯಿ ಮರಗಟ್ಟಿದ ಮೇಲೆ ಗಂಜಿ, ಆಮೇಲಾಮೇಲೆ ಬೇಳೆಕಟ್ಟು, ನುಣ್ಣಗೆ ಕಿವುಚಿದ ಅನ್ನ. ಪೈಪು ಬೇಕಾಗಿಲ್ಲ ಎಂದು ಡಾಕ್ಟರು ಹೇಳಿದ ದಿನ ಅತ್ತೆ ರೈಲಿನಲ್ಲಿ ಕಿಟಕಿಯ ಪಕ್ಕ ಕೂತು ತಿಪಟೂರಿನವರೆಗೂ ತೋಟಗಳನ್ನು ನೋಡಿಕೊಂಡು ಬಂದರಂತೆ. ನಾಗರತ್ನ ಹೇಳಿದಳು. ಮನೆಗೆ ಬಂದವರೇ ಹುಳಿಯಾರಿಗೆ ಫೋನು ಹಚ್ಚಿಸಿದರು. ನಾನು ಪಕ್ಕದ ಕೋಣೆಯಲ್ಲೇ ಇದ್ದೆ. "ಲೇ ಸಿದ್ದೇಶ, ನಿನ್ ಕೈಗುಣ ಕಣ್ಲಾ" ಎನ್ನುವುದು ಗೋಡೆಯಾಚೆಗೂ ಕೇಳಿಸಿತು. ಎಳನೀರು ಕೀಳಿಸಿದ ಕೈ, ಸುಲಿದ ಕೈ, ತಿರುಳು ರುಬ್ಬಿದ ಕೈ ಆ ಹೊತ್ತಿನಲ್ಲಿ ಅಂಗಡಿಯ ಗಾಜು ಒರೆಸುವ ಬಟ್ಟೆಯನ್ನು ಹಿಂಡುತ್ತಿತ್ತು.

ಚಳಿಗಾಲ ಮುಗಿಯುವ ಹೊತ್ತಿಗೆ ಅತ್ತೆ ದಬ್ಬೇಘಟ್ಟಕ್ಕೆ ಮರಳಿದರು. ಅವರನ್ನು ಬಿಟ್ಟುಬರಲು ನಾನೂ ನಾಗರತ್ನಳೂ ಹೋದೆವು. ಸಿದ್ದೇಶನೂ ಹೆಂಡತಿಯ ಜೊತೆ ಬಂದಿದ್ದ. ಮೆತ್ತಗೆ ತೊಳಸಿದ ಮುದ್ದೆಯನ್ನು ಖಾರವಿಲ್ಲದ ಸಾರಿನಲ್ಲಿ ಅದ್ದಿ ನುಂಗುವಷ್ಟು ಅತ್ತೆ ಚೇತರಿಸಿಕೊಂಡಿದ್ದರು. ಮಾತಾಡಿಸಿಕೊಂಡು ಹೋಗಲು ಅಕ್ಕಪಕ್ಕದ ಹೆಂಗಸರು ಬಂದು ಜಗುಲಿಯ ಮೇಲೆ ಕೂತರು. ನನಗೆ ಕುರ್ಚಿ ಬಂತು, ಕಾಫಿ ಬಂತು. ಸಿದ್ದೇಶ ಕಂಬಕ್ಕೆ ಒರಗಿ ಕೆಳಗೆ ಕೂತಿದ್ದ. ಅಷ್ಟು ದೊಡ್ಡ ಕಾಯಿಲೆಯಿಂದ ಹೇಗೆ ಎದ್ದು ಬಂದೆ ಗೌರಕ್ಕ ಎಂದು ಒಬ್ಬರು ಕೇಳಿದರು.

ಅತ್ತೆ ಅವನ ತಲೆಯ ಮೇಲೆ ಕೈಯಿಟ್ಟರು. "ಇವ್ನ ಐಸ್‌ಕ್ಯಾಂಡಿ ಕಣವ್ವ ನನ್ನ ಉಳಿಸಿದ್ದು."

ನಾನು ಕಾಫಿಯ ಲೋಟದೊಳಗೆ ನೋಡುತ್ತ ಕೂತೆ. ಎಳನೀರು ನನ್ನದು ಎಂಬ ಮಾತು ಗಂಟಲಿನವರೆಗೆ ಬಂದಿತ್ತು. ಆಡಿದರೆ ಸಣ್ಣವನಾಗುತ್ತೇನೆ, ಆಡದಿದ್ದರೆ ಒಳಗೆ ಸುಡುತ್ತದೆ. ಹೌದು, ಅವನಿಲ್ಲದಿದ್ದರೆ ಆಗುತ್ತಿರಲಿಲ್ಲ ಎಂದು ನಾನೇ ದೊಡ್ಡ ಮನಸ್ಸಿನಿಂದ ಹೇಳಿಬಿಡಬಹುದಿತ್ತು. ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಸಿದ್ದೇಶ ಮಾತಾಡಿದ.

"ಅದು ನಂದಲ್ಲ ಅತ್ತೆ, ಅಣ್ಣಂದು. ನಂದು ತಿಂದು ನಿಮ್ ಬಾಯಿ ಉರೀತು, ನಂಗ್ ಗೊತ್ತು. ಯಾಕೆ ಉರೀತದೆ ಅಂತ ಕಂಡುಹಿಡಿದೋರು ಅಣ್ಣ. ಎಳನೀರು ಅವ್ರದು, ಮಾಡಿದ್ದು ಅವ್ರು. ನಾನು ಒಂದ್ ಚಿಟಿಕೆ ಪುಡಿ ಹಾಕ್ದೆ ಅಷ್ಟೇಯ."

ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಅತ್ತೆ ಸೆರಗು ಸರಿಮಾಡಿಕೊಂಡು, "ಹೌದಾ ಅಳಿಯಂದ್ರೇ? ನೀವು ಒಂದ್ ಮಾತೂ ಹೇಳ್ಲಿಲ್ಲವಲ್ಲ" ಎಂದರು. ಅದೇನು ದೊಡ್ಡದಲ್ಲ ಬಿಡಿ ಎಂದು ನಾನು ಗೊಣಗಿದೆ. ಹೆಂಗಸರೆಲ್ಲ ನನ್ನ ಕಡೆಗೆ ಒಂದಷ್ಟು ಒಳ್ಳೆಯ ಮಾತು ಆಡಿದರು. ಅಪರೂಪಕ್ಕೆ ಸಿಕ್ಕಿದ ಮರ್ಯಾದೆ. ಕಾಫಿ ಕುಡಿದೆ, ರುಚಿಯಾಗಿತ್ತು.

ಬಸ್ಸಿನ ಹೊತ್ತಾಯಿತೆಂದು ನಾವು ಎದ್ದೆವು. ಚಪ್ಪಲಿ ಮೆಟ್ಟುತ್ತಿದ್ದಾಗ, ಪ್ರಶ್ನೆ ಕೇಳಿದ್ದ ಆ ಹೆಂಗಸು ಪಕ್ಕದವಳಿಗೆ ಮೆಲ್ಲಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. "ತನಗೆ ಬಂದ ಹೆಸರ್ನ ತಗಂಡೋಗಿ ಇನ್ನೊಬ್ರ ಕೈಗಿಟ್ಟ ನೋಡವ್ವ. ಯಾರ್ ಮಾಡ್ತಾರೆ ಈ ಕಾಲದಲ್ಲಿ. ಆ ಸಿದ್ದೇಶನ ಗುಣ ಯಾರ್ಗೂ ಬರಾಕಿಲ್ಲ ಬುಡು."

ಅವಳು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಬಸ್ಸು ತಿಪಟೂರು ಮುಟ್ಟುವವರೆಗೂ ನನ್ನ ಹೊಟ್ಟೆ ಉರಿಯುತ್ತಲೇ ಇತ್ತು.